ಕರುವಿನ ಲಸಿಕೆ ನೆನಪಿದೆ, ಮಗುವಿನದು?



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಕರು ಸಾಕಣೆ, ಹಸಿರು ಮೇವಿನ ವಿಷಯ ಓದುತ್ತೀರಿ. ಈ ಸಂಚಿಕೆಯ ಪಾಠ ಮನೆಯ ಮಕ್ಕಳ ಲಸಿಕೆಯ ಬಗ್ಗೆ. ದನದ ಡಾಕ್ಟರಿಗೆ ಮಕ್ಕಳ ವಿಷಯ ಏಕೆ ಎಂದು ನೀವು ಕೇಳಬಹುದು. ಕಾರಣ ಇದೆ. ಕಾಲುಬಾಯಿ ರೋಗದ ಲಸಿಕೆಗೆ ನಾವು ಆರು ತಿಂಗಳಿಗೊಮ್ಮೆ ಮನೆಮನೆಗೆ ಬರುತ್ತೇವೆ. ಹಸುವಿಗೆ ಹಿಂದಿನ ಲಸಿಕೆ ಯಾವಾಗ ಆಗಿತ್ತು ಎಂದರೆ ಹೆಚ್ಚಿನವರು ತಟ್ಟನೆ ಹೇಳುತ್ತಾರೆ. ಕಂಕುಳಲ್ಲಿರುವ ಮಗುವಿಗೆ ದಡಾರದ ಎರಡನೇ ಚುಚ್ಚುಮದ್ದು ಆಯಿತೇ ಎಂದರೆ ಕೆಲವರು ಯೋಚನೆಗೆ ಬೀಳುತ್ತಾರೆ.

ತಾಯಿಗೆ ಮಗುವಿಗಿಂತ ಹಸು ಹೆಚ್ಚಾಯಿತೇ? ಖಂಡಿತ ಇಲ್ಲ. ಹಸುವಿನ ಲಸಿಕೆ ಕೊಟ್ಟಿಗೆಗೇ ಬರುತ್ತದೆ. ಯಾವ ದಿನ ಬರುತ್ತದೆ ಎಂದು ಹಿಂದಿನ ದಿನವೇ ಡೈರಿಯಲ್ಲಿ ಹೇಳುತ್ತಾರೆ. ಹಸುವಿನ ಕಿವಿಯೋಲೆಯಲ್ಲಿ 12 ಅಂಕಿಯ ನಂಬರ್ ಇರುತ್ತದೆ, ಅದರ ಮೇಲೆ ಲೆಕ್ಕ ಬರೆದಿರುತ್ತದೆ. ಮಗುವಿನ ಲಸಿಕೆಗೆ ಬಹಳ ಸಲ ತಾಯಿಯೇ ಕೂಲಿ ಬಿಟ್ಟು, ದಾರಿ ನೋಡಿಕೊಂಡು ಹೋಗಬೇಕು. ವ್ಯತ್ಯಾಸ ಇರುವುದು ಇಲ್ಲಿ. ಹಳ್ಳಿಯ ಮಕ್ಕಳಿಗೆ ಲಸಿಕೆ ಏಕೆ ತಪ್ಪುತ್ತದೆ, ಅದನ್ನು ತಪ್ಪದಂತೆ ಮಾಡಲು ನಮ್ಮ ಹಾಲಿನ ಸಂಘ ಏನು ಮಾಡಬಹುದು ಎಂಬುದೇ ಇಂದಿನ ಪಾಠ.

ಈಗ ನಾವು ಎಲ್ಲಿದ್ದೇವೆ

ನಮ್ಮ ದೇಶದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಲ್ಲಿ ಶುರುವಾಯಿತು. ಲಸಿಕೆ ತಪ್ಪಿದ ಮಕ್ಕಳನ್ನು ಹುಡುಕಿ ಹಾಕಲು 2014ರ ಡಿಸೆಂಬರ್‌ನಲ್ಲಿ ಇಂದ್ರಧನುಷ್ ಅಭಿಯಾನ ಬಂತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ 12ರಿಂದ 23 ತಿಂಗಳ ಮಕ್ಕಳಲ್ಲಿ ಮೂಲ ಲಸಿಕೆಗಳು ಪೂರ್ತಿ ಆದವರು ನೂರಕ್ಕೆ 62.6. 2019-21ರ ಸಮೀಕ್ಷೆಯಲ್ಲಿ ಅದು 84.1ಕ್ಕೆ ಏರಿತು. ದೊಡ್ಡ ಸಾಧನೆಯೇ ಸರಿ. ಆದರೂ ನೂರರಲ್ಲಿ 16 ಮಕ್ಕಳಿಗೆ ಒಂದಲ್ಲ ಒಂದು ಡೋಸ್ ಉಳಿದಿದೆ ಎಂದಾಯಿತು.

ದಡಾರ ಗಾಳಿಯಲ್ಲಿ ಹರಡುವ ರೋಗ. ಊರಿನಲ್ಲಿ ಅದು ನಿಲ್ಲಬೇಕಾದರೆ ನೂರಕ್ಕೆ ಸುಮಾರು 95 ಮಕ್ಕಳಿಗೆ ರಕ್ಷಣೆ ಇರಬೇಕು. ಕಾಲುಬಾಯಿ ರೋಗದಲ್ಲೂ ನೀವು ಇದನ್ನು ನೋಡಿದ್ದೀರಿ. ಬೀದಿಯ ಹತ್ತು ಮನೆಯಲ್ಲಿ ಮೂರು ಮನೆಯವರು ಲಸಿಕೆ ಬೇಡವೆಂದರೆ ರೋಗಕ್ಕೆ ಒಳಗೆ ಬರಲು ದಾರಿ ಸಿಕ್ಕಂತೆ.

ದಡಾರಕ್ಕೂ ನಮ್ಮ ದನಗಳಿಗೂ ಹಳೆಯ ನಂಟಿದೆ. ಹಿಂದೆ ಊರೂರಿನ ದನಗಳನ್ನು ಮಲಗಿಸಿದ ದೊಡ್ಡರೋಗದ ಹೆಸರನ್ನು ಹಿರಿಯರಿಂದ ಕೇಳಿರುತ್ತೀರಿ. ಅದರ ವೈರಾಣುವೂ ದಡಾರದ ವೈರಾಣುವೂ ಒಂದೇ ಕುಟುಂಬದವು, ಹತ್ತಿರದ ದಾಯಾದಿಗಳು. ಲಸಿಕೆ ಹಾಕುತ್ತ ಹಾಕುತ್ತ ದೊಡ್ಡರೋಗವನ್ನು ಭೂಮಿಯ ಮೇಲಿಂದಲೇ ಇಲ್ಲವಾಗಿಸಿದೆವು. 2011ರಲ್ಲಿ ಅದರ ಅಧಿಕೃತ ಘೋಷಣೆಯೂ ಆಯಿತು. ದನಗಳಿಗೆ ಬರುತ್ತಿದ್ದ ದಾಯಾದಿ ಹೋಯಿತು, ಮಕ್ಕಳಿಗೆ ಬರುವುದು ಇನ್ನೂ ಉಳಿದಿದೆ. ದಡಾರ ಬಂದರೆ "ಅಮ್ಮ ಬಂದಿದ್ದಾಳೆ" ಎಂದು ಮನೆಯಲ್ಲಿ ಬೇವಿನ ಸೊಪ್ಪು ಇಟ್ಟು ಮಡಿಯಿಂದ ನೋಡಿಕೊಳ್ಳುತ್ತೇವೆ. ಆ ಭಕ್ತಿ ಇರಲಿ. ಆದರೆ ದಡಾರದಿಂದ ಮಗುವಿಗೆ ನ್ಯುಮೋನಿಯಾ, ಭೇದಿ, ಕಣ್ಣಿನ ತೊಂದರೆ ಬರಬಹುದು, ಜೀವಕ್ಕೂ ಅಪಾಯವಾಗಬಹುದು. ಅದನ್ನು ಮೊದಲೇ ತಡೆಯುವುದು ಲಸಿಕೆ ಮಾತ್ರ.

ಒಂದೇ ಸಲ ಹಾಕಿ ಮುಗಿಸಬಾರದೇ?

ಈ ಪ್ರಶ್ನೆ ಬಹಳ ತಾಯಂದಿರದು. ಉತ್ತರ ನಿಮ್ಮ ಕೊಟ್ಟಿಗೆಯಲ್ಲೇ ಇದೆ.

ಕರು ಹುಟ್ಟಿದ ಕೂಡಲೇ ಗಿಣ್ಣುಹಾಲು ಕುಡಿಸಿ ಎಂದು ಹೇಳುತ್ತೇವೆ. ತಾಯಿ ಹಸುವಿನ ರೋಗನಿರೋಧಕ ಶಕ್ತಿ ಕರುವಿಗೆ ಸಿಗುವುದು ಆ ಹಾಲಿನಿಂದ. ಆ ಶಕ್ತಿ ಮೈಯಲ್ಲಿ ಇರುವಷ್ಟು ದಿನ ಲಸಿಕೆ ಹಾಕಿದರೂ ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೇ ಕಾಲುಬಾಯಿ ಲಸಿಕೆಯನ್ನು ನಾಲ್ಕು ತಿಂಗಳ ಮೇಲೆ ಹಾಕಿ, ಒಂದು ತಿಂಗಳ ನಂತರ ಮತ್ತೊಂದು ಡೋಸ್ ಕೊಡುತ್ತೇವೆ.

ಮಗುವಿಗೆ ತಾಯಿಯ ಶಕ್ತಿ ಹೆಚ್ಚಾಗಿ ಹೊಟ್ಟೆಯಲ್ಲಿ ಇರುವಾಗಲೇ ಮಾಸಿನ ಮೂಲಕ ಬರುತ್ತದೆ. ದಡಾರದ ವಿರುದ್ಧದ ಆ ಶಕ್ತಿ ಕಡಿಮೆಯಾಗುವ ಹೊತ್ತಿಗೆ, ಅಂದರೆ 9 ತಿಂಗಳು ತುಂಬಿದಾಗ, ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಕೊಡುತ್ತಾರೆ. ನಾಯಿಕೆಮ್ಮಿನಂಥ ರೋಗ ಎಳೆಯ ಕೂಸಿಗೇ ಹೆಚ್ಚು ಅಪಾಯ, ಆದ್ದರಿಂದ ಅದರ ಲಸಿಕೆ ಆರನೇ ವಾರಕ್ಕೇ ಶುರು. ಒಂದು ಡೋಸ್ ಮೈಗೆ ರೋಗದ ಗುರುತು ಹೇಳಿಕೊಡುತ್ತದೆ. ಮುಂದಿನ ಡೋಸ್‌ಗಳು ಆ ಗುರುತನ್ನು ಗಟ್ಟಿ ಮಾಡುತ್ತವೆ. ಮೊದಲನೆಯದು ಹಾಕಿಸಿ ಉಳಿದದ್ದು ಬಿಟ್ಟರೆ ಅರ್ಧ ಹೊಚ್ಚಿದ ಮಾಡಿನಂತೆ, ಮಳೆ ಬಂದಾಗ ಸೋರುತ್ತದೆ.

ನೆನಪಿಗೆ ಇಷ್ಟು ಬರೆದುಕೊಳ್ಳಿ:

- ಹುಟ್ಟಿದ ಕೂಡಲೇ: ಬಿ.ಸಿ.ಜಿ., ಪೋಲಿಯೊ ಹನಿ, ಕಾಮಾಲೆಯ (ಹೆಪಟೈಟಿಸ್ ಬಿ) ಚುಚ್ಚುಮದ್ದು. ಈ ಚುಚ್ಚುಮದ್ದು 24 ಗಂಟೆಯೊಳಗೆ ಆಗಬೇಕು.
- 6, 10 ಮತ್ತು 14ನೇ ವಾರ: ಪೋಲಿಯೊ ಹನಿ, ಭೇದಿ ತಡೆಯುವ ರೋಟಾ ಲಸಿಕೆ, ಮತ್ತು ಪೆಂಟಾ. ಪೆಂಟಾ ಒಂದೇ ಚುಚ್ಚುಮದ್ದಿನಲ್ಲಿ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ ಎಂಬ ಐದಕ್ಕೆ ತಡೆ. 6 ಮತ್ತು 14ನೇ ವಾರದಲ್ಲಿ ಪೋಲಿಯೊ ಚುಚ್ಚುಮದ್ದು, ನ್ಯುಮೋನಿಯಾ ತಡೆಯುವ ಲಸಿಕೆಯೂ ಇರುತ್ತವೆ.
- 9 ತಿಂಗಳು ತುಂಬಿದಾಗ: ದಡಾರ-ರುಬೆಲ್ಲಾ ಮೊದಲ ಡೋಸ್, ಪೋಲಿಯೊ ಮತ್ತು ನ್ಯುಮೋನಿಯಾ ಲಸಿಕೆಗಳ ಮೂರನೇ ಡೋಸ್, ವಿಟಮಿನ್ ಎ.
- 16ರಿಂದ 24 ತಿಂಗಳು: ದಡಾರ-ರುಬೆಲ್ಲಾ ಎರಡನೇ ಡೋಸ್, ಡಿ.ಪಿ.ಟಿ. ಮತ್ತು ಪೋಲಿಯೊ ಬೂಸ್ಟರ್.
- 5-6 ವರ್ಷ: ಡಿ.ಪಿ.ಟಿ. ಎರಡನೇ ಬೂಸ್ಟರ್. 10 ಮತ್ತು 16 ವರ್ಷ: ಟಿ.ಡಿ.

ಕೆಲವು ಜಿಲ್ಲೆಗಳಲ್ಲಿ ಮಿದುಳು ಜ್ವರದ ಲಸಿಕೆಯೂ ಸೇರುತ್ತದೆ. ಇವೆಲ್ಲ ಸರ್ಕಾರಿ ಆಸ್ಪತ್ರೆ, ಉಪಕೇಂದ್ರ, ಅಂಗನವಾಡಿಯಲ್ಲಿ ಉಚಿತ.

ಲಸಿಕೆ ತಪ್ಪಲು ಕಾರಣಗಳು

ಮಗುವಿಗೆ ಲಸಿಕೆ ಬೇಡವೇ ಬೇಡ ಎನ್ನುವ ತಾಯಂದಿರು ಕಡಿಮೆ. ಹಾಕಿಸಬೇಕು ಎಂದುಕೊಂಡೇ ತಪ್ಪಿಹೋಗುವುದು ಹೆಚ್ಚು.

ಒಂದು, ದಿನ ಮತ್ತು ದೂರ. ಹಲವು ಕಡೆ ಗುರುವಾರ ಲಸಿಕೆಯ ದಿನ. ಬೆಳಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಸಗಣಿ ಬಾಚಿ, ಅಡುಗೆ ಮುಗಿಸುವಷ್ಟರಲ್ಲಿ ಹತ್ತು ಗಂಟೆ. ಸಂಜೆ ಮತ್ತೆ ಹಾಲಿನ ಹೊತ್ತು. ನಡುವಿನ ಹೊತ್ತಿನಲ್ಲಿ ಮೂರು-ನಾಲ್ಕು ಕಿಲೋಮೀಟರ್ ಹೋಗಿ ಬರಬೇಕು, ಕೂಲಿಯೂ ಹೋಗುತ್ತದೆ. ಅಷ್ಟು ಮಾಡಿ ಹೋದಾಗ ಬಾಗಿಲು ಹಾಕಿದ್ದರೆ ಎರಡನೇ ಸಲ ಹೋಗಲು ಯಾರಿಗೂ ಮನಸ್ಸು ಬಾರದು.

ಎರಡು, ಊರು ಬದಲಾಗುವುದು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಮೊದಲ ಲಸಿಕೆ ಅಲ್ಲಿ ಆಗುತ್ತದೆ. ಮೂರೋ ಐದೋ ತಿಂಗಳಿಗೆ ತಾಯಿ-ಮಗು ಗಂಡನ ಮನೆಗೆ ಬರುತ್ತಾರೆ. ತವರೂರಿನ ಆಶಾ ಅಕ್ಕ ಮಗು ಹೋಯಿತು ಎಂದುಕೊಳ್ಳುತ್ತಾರೆ, ಈ ಊರಿನ ಆಶಾ ಅಕ್ಕನಿಗೆ ಮಗು ಬಂದದ್ದೇ ತಿಳಿದಿರುವುದಿಲ್ಲ. 10 ಮತ್ತು 14ನೇ ವಾರದ ಡೋಸ್ ಎರಡೂರ ನಡುವೆ ಕಳೆದುಹೋಗುತ್ತದೆ. ಕಬ್ಬು ಕಡಿಯಲು, ಇಟ್ಟಿಗೆ ಗೂಡಿಗೆ, ಕಾಫಿ ತೋಟಕ್ಕೆ ಹೋಗುವವರ ಮಕ್ಕಳಿಗೂ, ಕುರಿ ಹಿಂಡಿನ ಜೊತೆ ತಿಂಗಳುಗಟ್ಟಲೆ ಊರೂರು ತಿರುಗುವ ಕುರಿಗಾಹಿಗಳ ಮಕ್ಕಳಿಗೂ ಇದೇ ತೊಂದರೆ.

ಮೂರು, ಜ್ವರದ ಭಯ. ಪೆಂಟಾ ಹಾಕಿದ ದಿನ ರಾತ್ರಿ ಮಗುವಿಗೆ ಮೈ ಬಿಸಿಯಾಗಬಹುದು, ತೊಡೆ ಊದಬಹುದು, ಅಳಬಹುದು. "ಚೆನ್ನಾಗಿದ್ದ ಮಗುವಿಗೆ ಜ್ವರ ಬರಿಸಿಕೊಂಡು ಬಂದೆ" ಎಂದು ಮನೆಯಲ್ಲಿ ಒಂದು ಮಾತು ಬಂದರೆ ಮುಂದಿನ ಡೋಸ್ ಅಲ್ಲಿಗೇ ನಿಂತಿತು. ಕಾಲುಬಾಯಿ ಲಸಿಕೆ ಆದ ಮೇಲೆ ಒಂದೆರಡು ದಿನ ಹಾಲು ಸ್ವಲ್ಪ ಇಳಿಯಬಹುದು ಎಂದು ನಾವು ಮೊದಲೇ ಹೇಳಿರುತ್ತೇವೆ, ಹಾಗಾಗಿ ನೀವು ಗಾಬರಿಯಾಗುವುದಿಲ್ಲ. ಮಗುವಿನ ವಿಷಯದಲ್ಲೂ ಮೊದಲೇ ತಿಳಿದಿದ್ದರೆ ಭಯ ಅರ್ಧ ಕಡಿಮೆ.

ನಾಲ್ಕು, ತೀರ್ಮಾನ ಯಾರದು ಎಂಬುದು. ಹಸುವಿಗೆ ಹಿಂಡಿ ಇಡುವವರು ನೀವು, ಮಗುವಿಗೆ ಹಾಲೂಡಿಸುವವರು ನೀವು. ಲಸಿಕೆಗೆ ಹೋಗುವುದಕ್ಕೆ ಮಾತ್ರ ಅತ್ತೆಯನ್ನೋ ಯಜಮಾನರನ್ನೋ ಕೇಳಬೇಕು. ಆರೋಗ್ಯ ಕಾರ್ಯಕರ್ತೆ ಮಾತನಾಡುವುದು ತಾಯಿಯ ಜೊತೆ, ತೀರ್ಮಾನ ಮಾಡುವವರು ಆ ಮಾತು ಕೇಳಿಯೇ ಇರುವುದಿಲ್ಲ.

ಐದು, ಗಾಳಿಮಾತು. 2017ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದಾಗ ವಾಟ್ಸಾಪ್‌ನಲ್ಲಿ ಇಲ್ಲಸಲ್ಲದ ಸಂದೇಶಗಳು ಹರಿದಾಡಿದವು. ಇಂಥ ಸುದ್ದಿ ಮೊದಲು ಮುಟ್ಟಿದ ಕಡೆ ನಿಜ ಸಂಗತಿ ತಿಳಿಸಲು ಹೆಚ್ಚು ಕಷ್ಟಪಡಬೇಕಾಗುತ್ತದೆ.

ಆರು, ಬೈಗುಳದ ಭಯ. ಕಾರ್ಡ್ ಕಳೆದಿದೆ, ತಡವಾಗಿದೆ, ಎಲ್ಲರೆದುರು ಬೈಯುತ್ತಾರೆ ಎಂದು ಹೋಗದೇ ಇರುವ ತಾಯಂದಿರಿದ್ದಾರೆ. ಈ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಬೇರೆ ಕಡೆಯ ಎರಡು ಪಾಠ

ಈ ತೊಂದರೆ ನಮ್ಮೊಬ್ಬರದಲ್ಲ. ಇದಕ್ಕೆ ದಾರಿ ಹುಡುಕಿದ ಎರಡು ಕಡೆಯ ಅನುಭವ ಹೇಳುತ್ತೇನೆ.

ಮೊದಲನೆಯದು ರಾಜಸ್ಥಾನದ ಉದಯಪುರ ಜಿಲ್ಲೆಯದು. ಅಲ್ಲಿ ಸೇವಾ ಮಂದಿರ ಎಂಬ ಸಂಸ್ಥೆ ಮತ್ತು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ತಂಡ 134 ಹಳ್ಳಿಗಳಲ್ಲಿ ಪರೀಕ್ಷೆ ನಡೆಸಿತು. ಕೆಲವು ಹಳ್ಳಿಗಳಲ್ಲಿ ಪ್ರತಿ ತಿಂಗಳು ಗೊತ್ತುಮಾಡಿದ ದಿನ ತಪ್ಪದೆ ಲಸಿಕಾ ಶಿಬಿರ ನಡೆಸಿದರು. ಇನ್ನು ಕೆಲವು ಹಳ್ಳಿಗಳಲ್ಲಿ ಶಿಬಿರದ ಜೊತೆಗೆ ಪ್ರತಿ ಲಸಿಕೆಗೆ ಒಂದು ಕಿಲೋ ಬೇಳೆ, ಎಲ್ಲ ಲಸಿಕೆ ಮುಗಿದಾಗ ಊಟದ ತಟ್ಟೆಗಳನ್ನು ಕೊಟ್ಟರು. ಉಳಿದ ಹಳ್ಳಿಗಳು ಮೊದಲಿದ್ದಂತೆಯೇ ಇದ್ದವು. 2010ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಏನೂ ಮಾಡದ ಹಳ್ಳಿಗಳಲ್ಲಿ ಲಸಿಕೆ ಪೂರ್ತಿಯಾದ ಮಕ್ಕಳು ನೂರಕ್ಕೆ 6, ಶಿಬಿರ ನಡೆದ ಕಡೆ 18, ಬೇಳೆಯನ್ನೂ ಕೊಟ್ಟ ಕಡೆ 39.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಹೇಳಿದ ದಿನ ಹೇಳಿದ ಜಾಗದಲ್ಲಿ ಲಸಿಕೆ ಸಿಕ್ಕರೆ ತಾಯಂದಿರು ಬರುತ್ತಾರೆ. ಮೊದಲ ಡೋಸ್‌ಗೆ ಬಂದವರು ಕೊನೆಯವರೆಗೂ ಬರಬೇಕಾದರೆ ಅವರು ಕಳೆದುಕೊಳ್ಳುವ ದಿನಕ್ಕೆ ಒಂದಿಷ್ಟು ಆಸರೆ ಬೇಕು. ಒಂದು ಕಿಲೋ ಬೇಳೆಗೆ ಯಾರೂ ಮಗುವಿನ ಮೇಲಿನ ಮನಸ್ಸು ಬದಲಿಸುವುದಿಲ್ಲ. ನಾಳೆ ಹೋದರಾಯಿತು ಎಂಬುದನ್ನು ಇವತ್ತೇ ಹೋಗೋಣ ಎಂದು ಮಾಡಿದ್ದು ಅಷ್ಟೇ.

ಎರಡನೆಯದು ದೂರದ ಆಫ್ರಿಕಾದ ಚಾಡ್ ದೇಶದ್ದು. ಅದರಲ್ಲಿ ನಮ್ಮ ಪಶುವೈದ್ಯರ ಪಾತ್ರವೂ ಇದೆ. ಅಲ್ಲಿ ದನ, ಒಂಟೆ ಮೇಯಿಸುತ್ತ ಊರೂರು ತಿರುಗುವ ಪಶುಪಾಲಕರಿದ್ದಾರೆ. ಅವರ ಬಿಡಾರಗಳಿಗೆ ಹೋಗಿ ನೋಡಿದಾಗ ದನಗಳಿಗೆ ಲಸಿಕೆ ಆಗಿತ್ತು, ಮಕ್ಕಳಿಗೆ ಆಗಿರಲಿಲ್ಲ. ದನ ಇರುವಲ್ಲಿಗೆ ಪಶುವೈದ್ಯರು ಹೋಗುತ್ತಿದ್ದರು, ಮಕ್ಕಳ ಲಸಿಕೆ ಮಾತ್ರ ಪೇಟೆಯ ಆಸ್ಪತ್ರೆಯಲ್ಲಿತ್ತು. ಹಾಗಾಗಿ 2000ದಿಂದೀಚೆಗೆ ಎರಡೂ ಇಲಾಖೆಯವರು ಒಂದೇ ಪ್ರವಾಸದಲ್ಲಿ ಹೋಗಿ, ದನಕ್ಕೆ ದನದ ಲಸಿಕೆ, ಮಕ್ಕಳಿಗೆ ಮತ್ತು ತಾಯಂದಿರಿಗೆ ಅವರ ಲಸಿಕೆ ಹಾಕುವ ಕೆಲಸ ಶುರುಮಾಡಿದರು. ವಾಹನದ ಖರ್ಚು ಹಂಚಿಹೋಯಿತು, ಎಂದೂ ಲಸಿಕೆ ಕಾಣದ ಸಾವಿರಾರು ಮಕ್ಕಳಿಗೆ ಲಸಿಕೆ ಸಿಕ್ಕಿತು. ದನದ ಡಾಕ್ಟರನ್ನು ಮೊದಲೇ ನಂಬಿದ್ದ ಜನ ಜೊತೆಗೆ ಬಂದ ಸಿಸ್ಟರ್‌ಗಳನ್ನೂ ನಂಬಿದರು.

ನಮ್ಮ ಸಂಘ ಏನು ಮಾಡಬಹುದು

ಊರಿನ ತಾಯಂದಿರು ದಿನಕ್ಕೆ ಎರಡು ಸಲ, ವರ್ಷದ ಎಲ್ಲ ದಿನವೂ ಒಂದೇ ಜಾಗಕ್ಕೆ ಬರುವುದು ಹಾಲಿನ ಡೈರಿಗೆ ಮಾತ್ರ. ಈ ಅನುಕೂಲ ಆರೋಗ್ಯ ಇಲಾಖೆಗೂ ಇಲ್ಲ. ಇದನ್ನು ಹೀಗೆ ಬಳಸಬಹುದು.

ಲಸಿಕೆಯ ದಿನ, ಜಾಗ, ಹೊತ್ತನ್ನು ಡೈರಿಯ ಹಲಗೆಯ ಮೇಲೆ, ಹಾಲಿನ ದರ ಬರೆಯುವ ಕಡೆಯಲ್ಲೇ ಬರೆಯಿರಿ. ಹಿಂದಿನ ದಿನ ಸಂಜೆ ಹಾಲು ಹಾಕುವಾಗ ಕಾರ್ಯದರ್ಶಿ ಒಂದು ಮಾತು ಜ್ಞಾಪಿಸಲಿ. ಹೆಸರು ಬರೆದು ಹಾಕಬೇಡಿ. ಯಾವ ಮಗುವಿಗೆ ತಪ್ಪಿದೆ ಎಂಬುದು ಊರಿಗೆಲ್ಲ ತಿಳಿಯಬೇಕಿಲ್ಲ. ಆಶಾ ಅಕ್ಕನ ಹತ್ತಿರ ಪಟ್ಟಿ ಇರುತ್ತದೆ, ಅವರು ತಾಯಿಯ ಹತ್ತಿರವೇ ಮೆಲ್ಲಗೆ ಹೇಳಿದರೆ ಸಾಕು.

ಊರಿಗೆ ಹೊಸದಾಗಿ ಬಂದ ಕೂಸಿನ ಸುದ್ದಿ ಮೊದಲು ಮುಟ್ಟುವುದು ಡೈರಿಗೇ. ಬಾಣಂತನ ಮುಗಿಸಿ ಸೊಸೆ ಬಂದಳು, ಕೂಲಿಗೆ ಹೊಸ ಕುಟುಂಬ ಬಂತು ಎಂದರೆ ಆಶಾ ಅಕ್ಕನಿಗೆ ಅದೇ ವಾರ ತಿಳಿಸಿ.

ದೂರದ ಹಟ್ಟಿಯವರು ನಾಲ್ಕು ಜನ ಸೇರಿ ಒಂದು ಆಟೋ ಮಾಡಿಕೊಳ್ಳಿ. ಮಗುವನ್ನು ಕರೆದೊಯ್ಯುವವರ ಹಸುವಿಗೆ ಅಂದು ಮೇವು ನೀರು ಪಕ್ಕದ ಮನೆಯವರು ನೋಡಿಕೊಳ್ಳಿ. ಕೊಟ್ಟಿಗೆ ಕೆಲಸದಲ್ಲಿ ಮುಯ್ಯಾಳು ಮಾಡುವುದು ನಮಗೆ ಹೊಸದಲ್ಲ.

ಹತ್ತಿರದ ಕೇಂದ್ರ ತೀರ ದೂರವಿದ್ದರೆ, ಸಂಘದ ಆಡಳಿತ ಮಂಡಳಿಯಲ್ಲಿ ನಿರ್ಣಯ ಮಾಡಿ, ಸಂಘದ ಕಟ್ಟಡದಲ್ಲೇ ತಿಂಗಳಿಗೊಂದು ದಿನ ಲಸಿಕೆ ಹಾಕಿಕೊಡಿ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಮನವಿ ಕೊಡಿ. ಮಕ್ಕಳ ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಅವರೇ ತರುತ್ತಾರೆ. ದನದ ಔಷಧಿಯ ಫ್ರಿಜ್‌ನಲ್ಲಿ ಅದನ್ನು ಇಡಬಾರದು.

ಮಹಿಳಾ ಸಂಘದ ಸಭೆಗೆ ಅತ್ತೆಯಂದಿರನ್ನೂ ಕರೆಯಿರಿ. ಆರೋಗ್ಯ ಕಾರ್ಯಕರ್ತೆಯ ಮಾತನ್ನು ಅವರೂ ನೇರವಾಗಿ ಕೇಳಲಿ, ಪ್ರಶ್ನೆ ಇದ್ದರೆ ಅಲ್ಲೇ ಕೇಳಲಿ.

ತಾಯಂದಿರು ನೆನಪಿಡಬೇಕಾದದ್ದು

ತಾಯಿ ಕಾರ್ಡನ್ನು ಹಾಲಿನ ಪಾಸ್‌ಬುಕ್ ಜೊತೆ ಒಂದೇ ಪ್ಲಾಸ್ಟಿಕ್ ಚೀಲದಲ್ಲಿಡಿ. ತವರಿಗೆ, ಕೂಲಿಗೆ ಎಲ್ಲಿಗೆ ಹೋದರೂ ಜೊತೆಯಲ್ಲಿರಲಿ. ಈಗ ಯು-ವಿನ್ ಎಂಬ ಕಂಪ್ಯೂಟರ್ ದಾಖಲೆಯೂ ಬಂದಿದೆ. ನಿಮ್ಮ ಮೊಬೈಲ್ ನಂಬರ್ ಕೊಟ್ಟು ಮಗುವನ್ನು ನೋಂದಾಯಿಸಿ. ಕಾರ್ಡ್ ಕಳೆದಿದ್ದರೂ ಹೋಗಿ. ಕಳೆದ ಕಾರ್ಡಿಗೆ ಇನ್ನೊಂದು ಮಾಡಿಸಬಹುದು.

ತಡವಾಗಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಆದರೆ ಕೆಲವು ಲಸಿಕೆಗೆ ವಯಸ್ಸಿನ ಮಿತಿ ಇದೆ, ಆದ್ದರಿಂದ ಇನ್ನೂ ತಡಮಾಡಬೇಡಿ.

ಸಣ್ಣ ನೆಗಡಿ, ಕೆಮ್ಮು ಇದ್ದರೆ ಲಸಿಕೆ ನಿಲ್ಲಿಸಬೇಕಿಲ್ಲ. ಮಗುವಿಗೆ ಹೆಚ್ಚು ಹುಷಾರಿಲ್ಲದಿದ್ದರೆ ಹೇಳಿ, ಅವರು ನೋಡಿ ತೀರ್ಮಾನಿಸುತ್ತಾರೆ.

ಲಸಿಕೆ ಆದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಜ್ವರಕ್ಕೆ ಔಷಧಿ ಎಷ್ಟು ಕೊಡಬೇಕು ಎಂದು ಕೇಳಿಕೊಂಡೇ ಬನ್ನಿ. ಮನೆಯಲ್ಲಿ ಎದೆಹಾಲು ಕುಡಿಸುತ್ತಿರಿ. ಚುಚ್ಚಿದ ಜಾಗಕ್ಕೆ ಎಣ್ಣೆ, ಅರಿಶಿನ, ಸುಣ್ಣ ಹಚ್ಚಬೇಡಿ. ಬಿ.ಸಿ.ಜಿ. ಹಾಕಿದ ಕಡೆ ಕೆಲವು ವಾರದ ಮೇಲೆ ಸಣ್ಣ ಗುಳ್ಳೆ ಎದ್ದು, ಒಡೆದು, ಕಲೆ ಉಳಿಯುವುದು ಸಹಜ. ಜ್ವರ ಇಳಿಯದಿದ್ದರೆ, ಫಿಟ್ಸ್ ಬಂದರೆ, ಉಸಿರಾಟ ಕಷ್ಟವಾದರೆ, ಮೂರು ಗಂಟೆಯಾದರೂ ಅಳು ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಿ.

ವಾಟ್ಸಾಪ್‌ನಲ್ಲಿ ಲಸಿಕೆ ಬಗ್ಗೆ ಹೆದರಿಸುವ ಸುದ್ದಿ ಬಂದರೆ ಮುಂದಕ್ಕೆ ಕಳಿಸಬೇಡಿ. ಸಿಸ್ಟರ್‌ಗೆ ತೋರಿಸಿ ಕೇಳಿ. ಕೇಳುವುದು ತಪ್ಪಲ್ಲ.

ಸಂಘದ ಸಭೆಯಲ್ಲಿ ಮಾತನಾಡಲು

1. ನಮ್ಮ ಊರಿನಲ್ಲಿ ಮಕ್ಕಳ ಲಸಿಕೆ ಯಾವ ದಿನ, ಎಲ್ಲಿ? ಸಭೆಯಲ್ಲಿ ಎಷ್ಟು ಜನಕ್ಕೆ ಗೊತ್ತು?
2. ಕಳೆದ ವರ್ಷ ನಮ್ಮ ಊರಿಗೆ ಬಂದ ಸೊಸೆಯಂದಿರ, ಕೂಲಿ ಕುಟುಂಬಗಳ ಮಕ್ಕಳ ಸುದ್ದಿ ಆಶಾ ಕಾರ್ಯಕರ್ತೆಗೆ ಮುಟ್ಟಿದೆಯೇ?
3. ಮೇಲಿನ ಆರು ಕಾರಣಗಳಲ್ಲಿ ನಮ್ಮ ಊರಿನಲ್ಲಿ ಯಾವುದು ಹೆಚ್ಚು? ಅದಕ್ಕೆ ಈ ತಿಂಗಳು ನಾವು ಮಾಡಬಹುದಾದ ಒಂದು ಕೆಲಸ ಯಾವುದು?

ಈ ಪತ್ರಿಕೆ ಓದಿ ಮಡಚುವ ಮೊದಲು ಮನೆಯಲ್ಲಿರುವ ತಾಯಿ ಕಾರ್ಡ್ ತೆಗೆದು ನೋಡಿ. ಖಾಲಿ ಉಳಿದ ಮನೆ ಇದ್ದರೆ ಬರುವ ಲಸಿಕೆಯ ದಿನವೇ ಹೋಗಿ ಬನ್ನಿ. ನಾಲ್ಕು ತಿಂಗಳು ತುಂಬಿದ ಹೆಣ್ಣು ಕರು ಕೊಟ್ಟಿಗೆಯಲ್ಲಿದ್ದರೆ ಅದನ್ನೂ ಕಾರ್ಯದರ್ಶಿಯ ಹತ್ತಿರ ಬರೆಸಿ. ಕಂದು ಹಾಕುವ ರೋಗದ ಲಸಿಕೆ ಅದಕ್ಕೆ ಎಂಟು ತಿಂಗಳೊಳಗೆ ಒಮ್ಮೆ ಆಗಬೇಕು.